ನೀರಿಗೆ ಹೆದರುತ್ತಿದ್ದ ನೀರಿನ ಮಾಷ್ಟ್ರು

ನಮಗೆ ನೀರಿನ ಪಾಠ ಹೇಳಿಕೊಟ್ಟ ಮಾಷ್ಟ್ರಿಗೆ ಈಜು ಬರುತ್ತಿರಲಿಲ್ಲ. ಈಜು ಬರದವರು ಬೇಕಾದಷ್ಟು ಜನ ಇದ್ದಾರೆ ಬಿಡಿ. ಆದರೆ ಇವರಿಗೆ ನೀರೆಂದರೆ ಭಯವೇ ಇತ್ತು. ಮೊಣಕಾಲಿನಿಂದ ಮೇಲಕ್ಕೆ ನೀರು ಬಂದರೆ ಮುಖದ ಬಣ್ಣ ಬದಲಾಗುತ್ತಿತ್ತು.

ಇದು ನಮಗೆ ಗೊತ್ತಾದದ್ದು ಪೊಳಲಿಯಲ್ಲಿ. ಕೃಷಿ ಎಂಜಿನಿಯರಿಂಗ್ ಓದುತ್ತಿದ್ದ ನಮಗೆ ಹೊಳೆಯ ನೀರು ಎಷ್ಟು ವೇಗವಾಗಿ ಹರಿಯುತ್ತದೆಂದು ಅಳೆಯುವ ಪಾಠವಿತ್ತು. ಮೂಡುಬಿದಿರೆಯ ಕಾಲೇಜಿನಿಂದ ಬಸ್ಸಿನಲ್ಲಿ ಹೋಗಿ, ದೇವಸ್ಥಾನದ ಹತ್ತಿರ ಇಳಿದು, ಫಲ್ಗುಣಿಯ ದಡ ಹಿಡಿದು ನಡೆದೆವು. ಒಂದು ಕಡೆ ತೆಂಗಿನಕಾಯಿ ತೇಲಿಬಿಡುವುದು, ಕೆಳಗೆ ಇನ್ನೊಂದು ಕಡೆ ಅದು ಬಂದು ಮುಟ್ಟುವ ಹೊತ್ತನ್ನು ನೋಡುವುದು. ನಾವೆಲ್ಲ ಪ್ಯಾಂಟು ಮಡಚಿ ನೀರಿಗಿಳಿದೆವು. ಸರ್ ಮಾತ್ರ ದಡದಲ್ಲಿದ್ದ ಮರವೊಂದರ ಕೊಂಬೆಯನ್ನು ಗಟ್ಟಿಯಾಗಿ ಹಿಡಿದುಕೊಂಡು ಅಲ್ಲಿಂದಲೇ ಕೂಗಿ ಕೂಗಿ ಪಾಠ ಮಾಡಿದರು.

ನಮ್ಮ ತರಗತಿಯ ಸುಕೇಶ ಕಕ್ಕಿಂಜೆಯವನು. ಚಾರ್ಮಾಡಿಯಿಂದ ಇಳಿದು ಬರುವ ಹೊಳೆಯಲ್ಲೇ ಬೆಳೆದವನು. ಅವನು ನಡು ಹೊಳೆಯಲ್ಲಿ ನಿಂತು ಕೇಳಿಯೇಬಿಟ್ಟ: "ಸರ್, ನಿಮಗೆ ಈಜ್ಲಿಕ್ಕೆ ಬರುದಿಲ್ವಾ?"

ನಾವು ಗಾಬರಿಯಾದೆವು. ಸರ್‌ಗೆ ಸಿಟ್ಟು ಬರಲಿಲ್ಲ.

"ನಮ್ಮ ಊರಾಗ ಈಜಲಿಕ್ಕ ನೀರೇ ಇರ್ಲಿಲ್ಲೋ ತಮ್ಮಾ. ಬಾವ್ಯಾಗ ಬಗ್ಗಿ ನೋಡಿದ್ರ ಕೆಳಗ ಒಂದು ಕನ್ನಡಿ ಚೂರು ಬಿದ್ದಂಗ ಕಾಣ್ತಿತ್ತು. ಅದರಾಗ ಯಾರು ಈಜ್ತಾರ?" ಎಂದು ನಕ್ಕರು. ಕೊಂಬೆ ಮಾತ್ರ ಬಿಡಲಿಲ್ಲ.

ಈ ಬೇಸಿಗೆಯಲ್ಲಿ ಅವರು ನಿವೃತ್ತರಾಗಿ ರಾಯಚೂರಿನ ಕಡೆಯ ತಮ್ಮ ಊರಿಗೆ ಹೋದರು. ಬೀಳ್ಕೊಡುಗೆಯ ದಿನ ಹಳೆಯ ವಿದ್ಯಾರ್ಥಿಗಳು ಎರಡೆರಡು ಮಾತಾಡಬೇಕೆಂದಿತ್ತು. ನನ್ನ ಸರದಿ ಬಂದಾಗ ನಾನು ಸಜ್ಜನರು, ಸರಳ ಜೀವಿ ಎಂದೇನೋ ಹೇಳಿ ಇಳಿದುಬಿಟ್ಟೆ. ಮನೆಗೆ ಬಂದ ಮೇಲೆ ಬೇಜಾರಾಯಿತು. ಸರಳ ಜೀವಿಗಳು ಎಲ್ಲ ಬೀಳ್ಕೊಡುಗೆಗಳಲ್ಲೂ ಇರುತ್ತಾರೆ. ನಮ್ಮ ಸರ್ ಹಾಗೆ ಒಂದು ಮಾತಿನಲ್ಲಿ ಮುಗಿಯುವವರಲ್ಲ.

ನೋಡಲಿಕ್ಕೆ ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು, ದಪ್ಪ ಗಾಜಿನ ಕನ್ನಡಕ. ತೋಳು ಮಡಚಿದ ಬಿಳಿ ಅಂಗಿ. ಆ ಬಿಳಿ ಅಂಗಿಯ ಮೇಲೆ ನಮ್ಮ ಕೆಂಪು ಮಣ್ಣಿನ ಕಲೆ ಇಲ್ಲದ ದಿನವನ್ನು ನಾನು ಕಂಡದ್ದಿಲ್ಲ. ಕರಾವಳಿಗೆ ಬಂದ ಮೊದಲ ಮಳೆಗಾಲದಲ್ಲಿ ಎರಡು ಕೊಡೆ ಕೊಂಡಿದ್ದರಂತೆ, ಒಂದು ಹಿಡಿಯಲಿಕ್ಕೆ, ಇನ್ನೊಂದು ಚೀಲದಲ್ಲಿ ಇಡಲಿಕ್ಕೆ. ಹೆಂಡತಿ ಊರಿನಲ್ಲೇ ಶಾಲೆಯ ಟೀಚರ್ ಆದ್ದರಿಂದ ಇವರು ಮೂಡುಬಿದಿರೆಯಲ್ಲಿ ಒಂದು ಬಾಡಿಗೆ ಕೋಣೆಯಲ್ಲಿ ಒಬ್ಬರೇ ಇದ್ದರು. ಜೋಳದ ರೊಟ್ಟಿ ಅವರೇ ಬಡಿದುಕೊಳ್ಳುತ್ತಿದ್ದರು. ನಮ್ಮ ಕುಚ್ಚಲಕ್ಕಿ ಅನ್ನದ ಜೊತೆ ಅವರಿಗೆ ಕೊನೆವರೆಗೂ ರಾಜಿ ಆಗಲಿಲ್ಲ. "ಇದನ್ನ ಅಗಿಯೂದರಾಗ ಒಂದು ಪಾಠ ಮುಗಿತದ" ಎನ್ನುತ್ತಿದ್ದರು.

ಕೃಷಿ ಎಂಜಿನಿಯರಿಂಗ್ ಆಗ ನಮ್ಮ ಕಡೆ ಹೊಸತು. ನನ್ನಂಥವರು ಅಲ್ಲಿ ಸೇರಿದ್ದು ಇಷ್ಟಪಟ್ಟು ಅಲ್ಲ. ನನಗೆ ಬೇಕಿದ್ದದ್ದು ಕಂಪ್ಯೂಟರ್ ಸೈನ್ಸ್, ಸಿಕ್ಕಿದ್ದು ಇದು. ನಮ್ಮ ಊರಾದ ವಿಟ್ಲದಲ್ಲಿ ನೆಂಟರು, "ತೋಟದ ಕೆಲಸ ಕಲೀಲಿಕ್ಕೆ ಕಾಲೇಜಿಗೆ ಹೋಗ್ಬೇಕಾ? ಮನೆಯಲ್ಲೇ ಉಂಟಲ್ಲ" ಎಂದು ನಗುತ್ತಿದ್ದರು. ಅಪ್ಪ ಏನೂ ಹೇಳುತ್ತಿರಲಿಲ್ಲ. ಅಪ್ಪನ ಆ ಮೌನವೇ ನನಗೆ ಹೆಚ್ಚು ಚುಚ್ಚುತ್ತಿತ್ತು. ಮೊದಲ ವರ್ಷ ಚೆನ್ನಾಗಿ ಅಂಕ ತೆಗೆದರೆ ವಿಭಾಗ ಬದಲಾಯಿಸಬಹುದು ಎಂದಿತ್ತು. ನಾನು ಆ ಒಂದೇ ಆಸೆಯಲ್ಲಿ ಓದಿದೆ, ಅಂಕವೂ ಬಂತು.

ಸರ್‌ಗೆ ಒಂದು ಮಾತು ಹೇಳಿ ಹೋಗುವ ಎಂದು ಅವರ ಕೋಣೆಗೆ ಹೋದೆ. ಅವರು ಮೇಜಿನ ಮೇಲೆ ನೆಲದ ಮಟ್ಟ ನೋಡುವ ಉಪಕರಣವನ್ನು ಬಿಚ್ಚಿ ಒರೆಸುತ್ತಿದ್ದರು. ನನ್ನ ಮಾತು ಪೂರ್ತಿ ಕೇಳಿದರು.

"ಹೋಗು ತಂಗಿ. ಒಳ್ಳೇದಾಗ್ಲಿ. ಹೋಗೂದಕ್ಕ ಮುಂಚೆ ಒಂದು ಹೇಳು, ನಿಮ್ಮ ಮನಿ ಬಾವಿ ಎಷ್ಟು ಆಳ ಅದ?"

"ಗೊತ್ತಿಲ್ಲ ಸರ್."

"ಯಾರು ತೋಡಿಸಿದ್ದು?"

"ಗೊತ್ತಿಲ್ಲ."

"ಬ್ಯಾಸಿಗ್ಯಾಗ ನೀರು ಎಲ್ಲೀತನಾ ಇಳೀತದ?"

ಅದೂ ನನಗೆ ಗೊತ್ತಿರಲಿಲ್ಲ. ಅವರು ಗದರಲಿಲ್ಲ, ಉಪದೇಶ ಮಾಡಲಿಲ್ಲ. "ಕೇಳ್ಕೊಂಡು ಬಾ. ನನಗ ಖರೇನ ಬೇಕಾಗ್ಯದ, ವಿಟ್ಲದ ಕಡೀ ಬಾವಿಗೋಳದು ಲೆಕ್ಕ ಮಾಡ್ಲಿಕ್ಕತ್ತೀನಿ" ಎಂದು ಮತ್ತೆ ಒರೆಸತೊಡಗಿದರು.

ಆ ಶನಿವಾರ ಊರಿಗೆ ಹೋಗಿ ಅಪ್ಪನನ್ನು ಕೇಳಿದೆ. ಅಪ್ಪ ಅಡಿಕೆ ಸುಲಿಯುವುದನ್ನು ನಿಲ್ಲಿಸಿ ನನ್ನನ್ನು ಒಂದು ಗಳಿಗೆ ನೋಡಿದರು. "ನಿಂಗೆ ಯಾಕೆ ಅದು?"

"ಸರ್ ಕೇಳಿದ್ದಾರೆ."

ಅಪ್ಪ ಎದ್ದು ಹಗ್ಗಕ್ಕೆ ಕಲ್ಲು ಕಟ್ಟಿದರು. ಇಬ್ಬರೂ ಬಾವಿಕಟ್ಟೆಯ ಮೇಲೆ ಬಗ್ಗಿ ಅಳೆದೆವು. ಅಜ್ಜ ಅದನ್ನು ತೋಡಿಸಿದ ಕಥೆ, ನಡುವೆ ಬಂಡೆ ಸಿಕ್ಕಿದ್ದು, ಆಚೆ ಮನೆಯವರು ಕೊಳವೆಬಾವಿ ಕೊರೆಸಿದ ಮೇಲೆ ನೀರು ಕೆಳಗಿಳಿದದ್ದು, ಏಪ್ರಿಲಿನಲ್ಲಿ ತಾನು ನಿದ್ದೆ ಬಿಟ್ಟು ಪಂಪಿನ ಹತ್ತಿರ ಕೂರುವುದು, ಇದನ್ನೆಲ್ಲ ಅಪ್ಪ ಅವತ್ತು ನನಗೆ ಹೇಳಿದರು. ನನ್ನ ಹತ್ತಿರ ಅಪ್ಪ ಅಷ್ಟು ಮಾತಾಡಿದ್ದು ಅದೇ ಮೊದಲು. ಸಂಜೆ ದೀಪ ಹಚ್ಚುವವರೆಗೂ ನಾವು ಬಾವಿಯ ಹತ್ತಿರವೇ ಇದ್ದೆವು.

ಸೋಮವಾರ ನಾನು ವಿಭಾಗ ಬದಲಾಯಿಸಲಿಲ್ಲ. ಸರ್ ಅದರ ಬಗ್ಗೆ ಏನೂ ಕೇಳಲಿಲ್ಲ. ಬಾವಿಯ ಆಳ ಮಾತ್ರ ಕೇಳಿಕೊಂಡರು.

ಅವರ ಪಾಠ ಹೀಗೇ. ಎಲ್ಲಿ ಶುರುವಾಗುತ್ತದೆ ಎಂದು ಹೇಳಲಿಕ್ಕಾಗುತ್ತಿರಲಿಲ್ಲ. ಜುಲೈ ತಿಂಗಳ ಒಂದು ಬೆಳಿಗ್ಗೆ ಮಳೆಯ ಸದ್ದಿಗೆ ಅವರ ಸ್ವರ ನಮಗೆ ಕೇಳುತ್ತಲೇ ಇರಲಿಲ್ಲ. ಅವರು ಪುಸ್ತಕ ಮುಚ್ಚಿ ಎಲ್ಲರನ್ನೂ ಹೊರಗೆ ಜಗಲಿಗೆ ಕರೆದರು. ಅಂಗಳದ ನೀರು ಕೆಂಪಾಗಿ ಚರಂಡಿಗೆ ನುಗ್ಗುತ್ತಿತ್ತು.

"ಎಲ್ಲಿಗೆ ಹೊಂಟದ ಇದು?"

"ತೋಡಿಗೆ ಸರ್," ಎಂದೆವು. ನಮ್ಮ ಕಡೆ ಸಣ್ಣ ಹಳ್ಳಕ್ಕೆ ತೋಡು ಎನ್ನುತ್ತೇವೆ.

"ಅಲ್ಲಿಂದ?"

"ಹೊಳೆಗೆ."

"ಅಲ್ಲಿಂದ?"

"ಸಮುದ್ರಕ್ಕೆ."

"ಮತ್ತ ಮಾರ್ಚ್ ತಿಂಗಳಾಗ ನಮ್ಮ ಹಾಸ್ಟೆಲ್ಲಿಗೆ ಟ್ಯಾಂಕರ್ ಯಾಕ ಬರ್ತದ?"

ನಾವು ಚರಂಡಿಯ ನೀರನ್ನೇ ನೋಡಿದೆವು. ಅವರು ಮಳೆಯನ್ನು ನೋಡುತ್ತಾ ನಿಂತೇ ಇದ್ದರು. ಅವರ ಮುಖದಲ್ಲಿ ಇದ್ದದ್ದು ಸಂತೋಷವೋ ಸಂಕಟವೋ ನನಗೆ ತಿಳಿಯಲಿಲ್ಲ. ಹಸಿದವನು ಮದುವೆ ಮನೆಯ ಹಿಂದೆ ಚೆಲ್ಲಿದ ಅನ್ನ ನೋಡುವ ಹಾಗೆ ಎಂದು ಈಗ ಅನಿಸುತ್ತದೆ.

ಮದುವೆ ಮನೆ ಎಂದಾಗ ಇನ್ನೊಂದು ನೆನಪಾಯಿತು. ನಮ್ಮ ಅಕ್ಕನ ಮದುವೆಗೆ ಅವರು ವಿಟ್ಲಕ್ಕೆ ಬಂದಿದ್ದರು. ಪಂಕ್ತಿಯಲ್ಲಿ ನನ್ನ ಚಿಕ್ಕಪ್ಪನ ಪಕ್ಕ ಕೂತಿದ್ದಾರೆ. ಬಾಳೆಲೆಗೆ ಸಾರು ಬಡಿಸಿದ್ದೇ ತಡ, ಅದು ಅವರ ಮಡಿಲ ಕಡೆಗೆ ಓಡಿತು. ಸರ್ ಗಡಿಬಿಡಿಯಿಂದ ಅನ್ನದ ಒಡ್ಡು ಕಟ್ಟಿದರು. ಅದನ್ನೂ ದಾಟಿತು. ಆಮೇಲೆ ಎಲೆಯ ದಿಂಡಿಗೆ ಅಡ್ಡವಾಗಿ, ಬಾಗಿದ ಹಾಗೆ, ಇನ್ನೊಂದು ಒಡ್ಡು ಹಾಕಿದರು. ಸಾರು ನಿಂತಿತು. "ನೋಡ್ರಿ, ಇಳಿಜಾರಿಗೆ ಎದುರಾಗಿ ನಿಲ್ಲಬಾರದು, ಅದರ ಜೋಡಿ ಬಾಗಬೇಕು. ನಾನು ತರಗತ್ಯಾಗ ಒಂದು ತಾಸು ಹೇಳೂದು ಇಷ್ಟೇ" ಎಂದು ಚಿಕ್ಕಪ್ಪನಿಗೆ ವಿವರಿಸಿದರು. ಚಿಕ್ಕಪ್ಪ ಆಮೇಲೆ ನನ್ನನ್ನು ಮೂಲೆಗೆ ಕರೆದು, "ಇವರಾ ನಿನ್ನ ಸರ್? ಪಾಪ, ಭಾರೀ ಓದಿದ್ದಾರೆ ಮಾರಾಯ್ತಿ" ಎಂದರು. ಅದು ಹೊಗಳಿಕೆಯೋ ಅಲ್ಲವೋ ಎಂದು ನಾನು ವಿಚಾರಿಸಲಿಲ್ಲ.

ಇನ್ನು ಹೇಳಬೇಕಾದದ್ದು ಆ ಕಟ್ಟದ ವಿಷಯ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು, ಸುಕೇಶ ಮತ್ತು ಇನ್ನಿಬ್ಬರು ಸರ್ ಹತ್ತಿರ ಸೇರಿದೆವು. ಬಂಟ್ವಾಳ ತಾಲೂಕಿನ ಒಂದು ಹಳ್ಳಿಯಲ್ಲಿ, ತೋಡಿಗೆ ಅಡ್ಡವಾಗಿ ಯಾರೋ ಎಂದೋ ಕಟ್ಟಿದ ಕಲ್ಲಿನ ಕಂಬಗಳಿದ್ದವು. ಹಿಂದೆ ಊರಿನವರು ಮಳೆಗಾಲ ಮುಗಿದ ಮೇಲೆ ಕಂಬಗಳ ನಡುವೆ ಹಲಗೆ ಇಳಿಸಿ, ಮಣ್ಣು ತುಂಬಿ ನೀರು ನಿಲ್ಲಿಸುತ್ತಿದ್ದರು. ಅದಕ್ಕೆ ಕಟ್ಟ ಎನ್ನುತ್ತಾರೆ. ಜನ ಸಿಗದೆ ಅದು ನಿಂತು ಬಹಳ ವರ್ಷ ಆಗಿತ್ತು. ನಾವು ಅದನ್ನು ಕಡಿಮೆ ಜನರಿಂದ, ಹೊಸ ಬಗೆಯ ಹಲಗೆಗಳಿಂದ ಮತ್ತೆ ಕಟ್ಟಬೇಕು, ಸುತ್ತಿನ ಬಾವಿಗಳಲ್ಲಿ ನೀರು ಏರುತ್ತದೆಯೇ ಎಂದು ನೋಡಬೇಕು. ಇದು ಯೋಜನೆ.

ಕಟ್ಟದಿಂದ ಸ್ವಲ್ಪ ಮೇಲೆ, ತೋಡಿಗೆ ತಾಗಿದ ತಗ್ಗಿನ ಗದ್ದೆ ಲಲಿತಕ್ಕನದು. ಗಂಡ ತೀರಿಕೊಂಡ ಮೇಲೆ ಒಬ್ಬರೇ ಬೇಸಾಯ ಮಾಡಿಸುತ್ತಿದ್ದರು. ಮಗಳು ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಆ ವರ್ಷ ಗದ್ದೆ ತುಂಬ ಸೌತೆ, ಅಲಸಂದೆ ಹಾಕಿದ್ದರು. ನಮ್ಮ ಯೋಜನೆ ಕೇಳಿ ಎಲ್ಲರೂ ತಲೆಯಾಡಿಸಿದರು, ಲಲಿತಕ್ಕ ಮಾತ್ರ ಆಡಿಸಲಿಲ್ಲ.

"ನೀರು ನಿಲ್ಸಿದ್ರೆ ಒಳ್ಳೇದೇ ಮಾಷ್ಟ್ರೇ. ಆದ್ರೆ ನನ್ನ ಗದ್ದೆ ತಗ್ಗಿನಲ್ಲಿ ಉಂಟಲ್ವಾ. ನೀರು ಮೇಲೆ ಬಂದ್ರೆ ನಾನು ಎಂತ ಮಾಡುದು?"

"ಬರೂದಿಲ್ಲ ಅಕ್ಕಾರ. ಬಂದ್ರ ನಾನು ಬಂದು ಹಲಗಿ ತೆಗೀತೀನಿ," ಎಂದರು ಸರ್.

"ನೀವೇ ಬರ್ತೀರಾ?"

"ನಾನೇ ಬರ್ತೀನಿ."

ದೀಪಾವಳಿ ಕಳೆದ ಮೇಲೆ ಹಲಗೆ ಇಳಿಸಿದೆವು. ಎರಡು ಸಾಲು ಹಲಗೆ, ನಡುವೆ ಜೇಡಿಮಣ್ಣು. ತೋಡು ಮೆಲ್ಲಗೆ ತುಂಬಿತು. ಕೆಲವು ವಾರಗಳಲ್ಲಿ ಸುತ್ತಿನ ಬಾವಿಗಳಲ್ಲಿ ನೀರು ಕಣ್ಣಿಗೆ ಕಾಣುವಷ್ಟು ಏರಿತು. ಒಬ್ಬ ಅಜ್ಜಿ ನಮ್ಮನ್ನು ಕರೆದು ಬಾವಿ ತೋರಿಸಿ, ತುಳುವಿನಲ್ಲಿ ಏನೇನೋ ಹೇಳಿ ಸರ್ ಕೈ ಹಿಡಿದುಕೊಂಡರು. ಸರ್‌ಗೆ ಅರ್ಥವಾಗಲಿಲ್ಲ. ಆದರೂ ಕಾಲೇಜಿಗೆ ಬರುವ ದಾರಿಯುದ್ದಕ್ಕೂ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು.

ಕಾಲೇಜಿಗೂ ಸಂತೋಷವಾಯಿತು. ಹೊರಗಿನಿಂದ ದೊಡ್ಡವರು ನೋಡಲು ಬರುತ್ತಾರೆಂದು ಗೊತ್ತಾಯಿತು. ಅವರಿಗೆ ಮೆಚ್ಚಿಗೆಯಾದರೆ ಇಂಥ ಕಟ್ಟಗಳನ್ನು ಬೇರೆ ಊರುಗಳಲ್ಲೂ ಮಾಡಲು ನೆರವು ಬರುವ ಹಾಗಿತ್ತು. ವಿಭಾಗದ ಮುಖ್ಯಸ್ಥರ ಜಾಗ ಆಗ ಖಾಲಿಯಿತ್ತು. ಅದು ನಮ್ಮ ಸರ್‌ಗೇ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು. ಸರ್ ಹೊಸ ಬಿಳಿ ಅಂಗಿ ಹೊಲಿಸಿದರು.

ಅತಿಥಿಗಳು ಬರುವ ಹಿಂದಿನ ದಿನ ಬೆಳಿಗ್ಗೆಯೇ ಆಕಾಶ ಕಪ್ಪಾಯಿತು. ಸಮುದ್ರದಲ್ಲಿ ಎಲ್ಲೋ ಚಂಡಮಾರುತ ಎದ್ದು ಮಳೆ ಶುರುವಾಯಿತು, ಡಿಸೆಂಬರಿನಲ್ಲಿ ಯಾರೂ ಎಣಿಸದ ಮಳೆ. ಮಧ್ಯಾಹ್ನದ ಊಟ ಮುಗಿಸುವಷ್ಟರಲ್ಲಿ ಲಲಿತಕ್ಕನ ಫೋನ್ ಬಂತು. "ಮಾಷ್ಟ್ರೇ, ನೀರು ಬದುವಿಗೆ ಬಂತು." ಅಷ್ಟೇ. ಬನ್ನಿ ಎಂದೂ ಹೇಳಲಿಲ್ಲ.

ನಾವು ಬಾಡಿಗೆ ಜೀಪಿನಲ್ಲಿ ಹೋದೆವು. ದಾರಿಯಲ್ಲಿ ಪ್ರಿನ್ಸಿಪಾಲರ ಫೋನ್. ಸರ್ ಕಿವಿ ಸ್ವಲ್ಪ ಮಂದವಾದ್ದರಿಂದ ಸ್ಪೀಕರ್ ಹಾಕುತ್ತಿದ್ದರು. ನಮಗೆಲ್ಲ ಕೇಳಿತು.

"ಸರ್, ನಾಳೆ ಬೆಳಿಗ್ಗೆ ಅವರು ಬರ್ತಾರೆ. ತುಂಬಿದ ಕಟ್ಟ ನೋಡ್ಬೇಕು ಅವರು. ಅಲ್ಲಿವರೆಗೆ ಹೇಗಾದ್ರೂ ನಿಲ್ಸಿ. ಆ ತರಕಾರಿಗೆ ಬೇಕಾದ್ರೆ ಕಾಲೇಜಿನಿಂದ ಏನಾದ್ರೂ ಕೊಡುವ."

ಸರ್ ಫೋನನ್ನು ಬಾಯಿಯ ಹತ್ತಿರ ಹಿಡಿದರು. "ಸರ್, ಗದ್ದಿ ಮುಳಗಿದ್ರ ನಾ ಬಂದು ತೆಗೀತೀನಿ ಅಂದೀನಿ. ನಾಳೆ ಮಧ್ಯಾಹ್ನ ತೆಗೀತೀನಿ ಅಂದಿಲ್ಲ."

ಅಲ್ಲಿ ಹೋಗಿ ನೋಡಿದರೆ ಸೌತೆ ಬಳ್ಳಿಗಳ ಬುಡಕ್ಕೆ ನೀರು ಬಂದಿತ್ತು. ಲಲಿತಕ್ಕ ಸೊಂಟಕ್ಕೆ ಸೀರೆ ಸಿಕ್ಕಿಸಿ, ಎಳೆಯ ಕಾಯಿಗಳನ್ನೂ ಬಿಡದೆ ಕೊಯ್ದು ಬುಟ್ಟಿಗೆ ಹಾಕುತ್ತಿದ್ದರು. ಮೇಲಿನ ಹಲಗೆಗಳನ್ನು ನಾವು ಎಳೆದು ತೆಗೆದೆವು. ಆದರೆ ಕೆಳಗಿನವು ನೀರು ಕುಡಿದು ಉಬ್ಬಿ ಕಂಬದ ಸಂದಿನಲ್ಲಿ ಸಿಕ್ಕಿಕೊಂಡಿದ್ದವು. ಯಾರಾದರೂ ನೀರಿಗಿಳಿದು, ಕಂಬ ಹಿಡಿದು, ಜೇಡಿಮಣ್ಣು ಕೆದಕಿ ಹಾರೆಯಿಂದ ಮೀಟಬೇಕಿತ್ತು. ಸುಕೇಶ ಅಂಗಿ ಬಿಚ್ಚಿದ.

"ಅಂಗಿ ಹಾಕ್ಕೋ," ಎಂದರು ಸರ್. ಅಷ್ಟು ಗಡುಸಾದ ಸ್ವರವನ್ನು ನಾವು ಕೇಳಿರಲಿಲ್ಲ. "ವಿದ್ಯಾರ್ಥಿಗಳು ಯಾರೂ ಇಳೀಬಾರದು."

"ಸರ್, ನಿಮಗೆ ಈಜು ಬರುದಿಲ್ಲ. ನಾನು ಇಳಿತೇನೆ. ಇದೆಲ್ಲ ನನಗೆ ಎಂತದೂ ಅಲ್ಲ."

"ನಿನಗ ಏನರ ಆದ್ರ ನಿಮ್ಮ ಅವ್ವಗ ನಾ ಏನಂತ ಹೇಳ್ಲಿ?"

ಲಲಿತಕ್ಕ ಬಾವಿಯ ಹಗ್ಗ ತಂದರು. ಸರ್ ಅದನ್ನು ಸೊಂಟಕ್ಕೆ ಸುತ್ತಿಕೊಂಡರು. ಎರಡು ಸಲ ಹಾಕಿದರೂ ಗಂಟು ಬೀಳಲಿಲ್ಲ. ಸುಕೇಶನೇ ಬಿಗಿದು ಕಟ್ಟಿ ಇನ್ನೊಂದು ತುದಿಯನ್ನು ತನ್ನ ಕೈಗೆ ಸುತ್ತಿಕೊಂಡ. ಅವನ ಹಿಂದೆ ನಾವು ಮೂವರು ಹಿಡಿದೆವು. ಸರ್ ಕಂಬವನ್ನು ತಬ್ಬಿಕೊಂಡು ಇಳಿದರು. ನೀರು ಎದೆಗೆ ಬಂದಾಗ ಕಣ್ಣು ಮುಚ್ಚಿದರು. ತುಟಿ ಅಲ್ಲಾಡುತ್ತಿತ್ತು. ದೇವರ ಹೆಸರು ಹೇಳುತ್ತಿದ್ದರೋ ಲೆಕ್ಕ ಹಾಕುತ್ತಿದ್ದರೋ ಗೊತ್ತಿಲ್ಲ. ಆಮೇಲೆ ಕಣ್ಣು ತೆರೆದು ಒಂದು ಕೈಯಿಂದ ಮಣ್ಣು ಕೆದಕಲು ಶುರುಮಾಡಿದರು.

ಎಷ್ಟು ಹೊತ್ತು ಎಂದು ಹೇಳಲಾರೆ. ಹಾರೆ ತೂರಿಸಿ ಮೀಟಿದಾಗ ಹಲಗೆ ಒಂದು ಬದಿಯಿಂದ ಎದ್ದಿತು, ಮರುಗಳಿಗೆ ಕಿತ್ತುಕೊಂಡು ಹೋಯಿತು. ಸರ್ ಕಾಲು ತಪ್ಪಿತು. ತಲೆ ನೀರೊಳಗೆ ಹೋದದ್ದನ್ನು ನಾನು ಕಂಡೆ. ಹಗ್ಗ ನಮ್ಮ ಅಂಗೈ ಕೊಯ್ಯಿತು. "ಎಳೆಯಿರಿ!" ಎಂದು ಲಲಿತಕ್ಕ ಕೂಗಿ ತಾವೂ ಹಿಂದಿನಿಂದ ಹಿಡಿದರು. ಅವರನ್ನು ದಡಕ್ಕೆ ಎಳೆದು ಹಾಕಿದಾಗ ಕೆಮ್ಮಿ ಕೆಮ್ಮಿ ನೀರು ಕಾರಿದರು. ಕನ್ನಡಕ ಹೋಗಿತ್ತು. ಮೊದಲು ಕೇಳಿದ್ದು, "ನೀರು ಇಳೀತಾ?"

ಇಳಿಯುತ್ತಿತ್ತು. ಬಳ್ಳಿಗಳ ಬುಡ ಒಂದೊಂದಾಗಿ ಮೇಲೆ ಕಾಣಿಸಿತು. ನಾವು ವಾರಗಟ್ಟಲೆ ಕೂಡಿಸಿದ ನೀರೆಲ್ಲ ಸದ್ದು ಮಾಡುತ್ತಾ ಹೊಳೆಗೆ ಹೋಯಿತು.

ಮರುದಿನ ಬಿಸಿಲು. ಅತಿಥಿಗಳು ಬಂದರು. ಸರ್ ಹೊಸ ಅಂಗಿ ಹಾಕಿದ್ದರು, ಕನ್ನಡಕವಿಲ್ಲದೆ ಯಾರು ಯಾರೆಂದು ತಿಳಿಯದೆ ಮೊದಲು ಕಾರಿನ ಡ್ರೈವರಿಗೆ ಕೈಮುಗಿದು ಹಾರ ಹಾಕಿದರು. ಡ್ರೈವರ್ ನಾಚಿ ಅದನ್ನು ತೆಗೆದು ಅತಿಥಿಗೆ ಕೊಟ್ಟ. ತೋಡಿನಲ್ಲಿ ಕೆಸರು ಬಿಟ್ಟರೆ ಏನೂ ಇರಲಿಲ್ಲ.

"ನೀರು ಎಲ್ಲಿ?" ಎಂದು ಕೇಳಿದರು ದೊಡ್ಡವರು.

"ಬಿಟ್ಟೀವಿ ಸರ್."

"ಬಿಟ್ರಾ? ನಾವು ನೀರು ನೋಡ್ಲಿಕ್ಕೆ ಬಂದದ್ದು."

"ಬೇಕಾದಾಗ ಬಿಡಾಕ ಬರೂದಿಲ್ಲ ಅಂದ್ರ ಅದು ಕಟ್ಟ ಅಲ್ಲ ಸರ್, ಗ್ವಾಡಿ."

ಅವರು ಚಹಾ ಕುಡಿದು ಹೋದರು. ನೆರವು ಬರಲಿಲ್ಲ. ಮುಖ್ಯಸ್ಥರ ಜಾಗಕ್ಕೆ ಬೇರೆಯವರು ಬಂದರು. ಸರ್ ನಿವೃತ್ತಿಯವರೆಗೂ ಅದೇ ಹುದ್ದೆಯಲ್ಲಿದ್ದರು. ಪ್ರಿನ್ಸಿಪಾಲರ ಮೇಲೆ ಅವರು ಒಂದು ಕೆಟ್ಟ ಮಾತು ಆಡಿದ್ದನ್ನು ನಾನು ಕೇಳಿಲ್ಲ. "ಅವರಿಗೂ ಮ್ಯಾಲಿನವರಿಗೆ ಉತ್ತರ ಹೇಳಬೇಕಿರ್ತದ" ಎಂದು ಬಿಟ್ಟುಬಿಡುತ್ತಿದ್ದರು.

ಆದರೆ ತಮ್ಮನ್ನು ತಾವು ಬಿಡಲಿಲ್ಲ. ಮುಂದಿನ ತರಗತಿಯಲ್ಲಿ ಹಲಗೆಯ ಚಿತ್ರ ಬರೆದು, ಸೀಮೆಸುಣ್ಣದಿಂದ ಒಂದು ದೊಡ್ಡ ಅಡ್ಡಗೆರೆ ಎಳೆದರು. "ಹಾಕೂದು ಹ್ಯಾಂಗ ಅಂತ ಲೆಕ್ಕ ಮಾಡೀನಿ, ತೆಗಿಯೂದು ಹ್ಯಾಂಗ ಅಂತ ಮಾಡಿಲ್ಲ. ದೀಪಾವಳಿ ಆದಮ್ಯಾಲ ಮಳಿ ಬರೂದಿಲ್ಲ ಅಂತ ನಮ್ಮ ಊರಿನ ಬುದ್ಧಿ ಇಲ್ಲಿಗೆ ತಂದೀನಿ. ನೀವೆಲ್ಲ ಪಾಸು. ನಾ ಫೇಲು." ನಗಬೇಕೋ ಬೇಡವೋ ಎಂದು ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಅವರು ನಗುತ್ತಿರಲಿಲ್ಲ.

ಕಾಲೇಜಿನ ಆ ವರ್ಷ ಉಳಿದ ಭಾನುವಾರಗಳಲ್ಲಿ ಅವರು ಒಬ್ಬರೇ ಬಸ್ಸಿನಲ್ಲಿ ಆ ಹಳ್ಳಿಗೆ ಹೋಗುತ್ತಿದ್ದರಂತೆ. ಪ್ರತಿ ಹಲಗೆಗೂ ಕಬ್ಬಿಣದ ಬಳೆ ಹಾಕಿಸಿ, ದಡದಲ್ಲಿ ನಿಂತೇ ಸರಪಳಿಯಿಂದ ಎತ್ತುವ ಹಾಗೆ ಮಾಡಿದರು. ಎತ್ತಿ ನೋಡಿದವರು ಲಲಿತಕ್ಕ. ಅವರೇ ಎತ್ತಿ, ಅವರೇ ಇಳಿಸಿ, ಸರಿ ಎಂದ ಮೇಲೆಯೇ ಸರ್ ಅಲ್ಲಿಂದ ಹೊರಟದ್ದು. ಈಗಲೂ ಆ ಊರಿನವರು ವರ್ಷವೂ ಹಲಗೆ ಇಳಿಸುತ್ತಾರೆ. ಮೋಡ ಕಂಡರೆ ಸರಪಳಿ ಹಿಡಿಯುವವರು ಲಲಿತಕ್ಕನೇ.

ಇನ್ನೊಂದು ಮಾತು. ಪರೀಕ್ಷೆ ಮುಗಿದ ಮೇಲೆ ಸರ್ ಸುಕೇಶನನ್ನು ಕರೆದು ಈಜು ಕಲಿಸು ಎಂದರು. ಮೂಡುಬಿದಿರೆಯ ಒಂದು ಕೆರೆಯಲ್ಲಿ, ಸಿಪ್ಪೆ ಸುಲಿಯದ ಎರಡು ತೆಂಗಿನಕಾಯಿಗಳನ್ನು ಜೋಡಿಸಿ ಬೆನ್ನಿಗೆ ಕಟ್ಟಿ ಇಳಿಸಿದನಂತೆ. ಐವತ್ತು ದಾಟಿದ ಮಾಷ್ಟ್ರನ್ನು ನೋಡಲು ದಡದಲ್ಲಿ ಜನ ಸೇರುತ್ತಿದ್ದರು. "ಸರ್ ಮುಳುಗುದಿಲ್ಲ, ಆದ್ರೆ ಮುಂದೆ ಹೋಗುದೂ ಇಲ್ಲ," ಎಂದು ಸುಕೇಶ ವರದಿ ಕೊಡುತ್ತಿದ್ದ. ಕೊನೆಗೂ ಅವರಿಗೆ ಸರಿಯಾಗಿ ಈಜು ಬರಲಿಲ್ಲ. ಭಯ ಕಡಿಮೆಯಾಯಿತೇ ಎಂದು ನಾನು ಒಮ್ಮೆ ಕೇಳಿದೆ. "ಇಲ್ಲ ತಂಗಿ. ಭಯ ಅದೇ ಅದ. ಈಗ ಅದರ ಜೋಡಿ ಪರಿಚಯ ಆಗ್ಯದ," ಎಂದರು.

ನಾನೀಗ ಬಿ.ಸಿ. ರೋಡಿನಲ್ಲಿ ಸಣ್ಣ ಕಚೇರಿ ಇಟ್ಟುಕೊಂಡಿದ್ದೇನೆ. ತೋಟಗಳಿಗೆ ನೀರಾವರಿ, ಇಳಿಜಾರಿನ ಜಾಗಕ್ಕೆ ಚರಂಡಿ, ಇಂಗುಗುಂಡಿ ಇಂಥ ಕೆಲಸ. ಕಳೆದ ತಿಂಗಳು ಸುಕೇಶ ತನ್ನ ಮಾವನ ಜಾಗ ನೋಡಲು ಕಕ್ಕಿಂಜೆಗೆ ಕರೆಸಿದ. ಗುಡ್ಡದ ರಬ್ಬರ್ ತೋಟದಿಂದ ಮಳೆನೀರು ನುಗ್ಗಿ ಅವರ ಅಂಗಳದ ಗೋಡೆ ಎರಡು ಸಲ ಬಿದ್ದಿತ್ತು. ನಾನು ಅಳತೆ ಮಾಡಿ ನೇರವಾಗಿ ಕೆಳಕ್ಕೆ ಹೋಗುವ ಕಾಲುವೆಯೊಂದನ್ನು ಗುರುತಿಸಿದೆ. ಚಿಕ್ಕ ದಾರಿ, ಕಡಿಮೆ ಖರ್ಚು. ಮಾವನಿಗೆ ತುಂಬಾ ಸಂತೋಷ. "ನಾಳೆಯೇ ಜೆಸಿಬಿ ಕರೆಸ್ತೇನೆ," ಎಂದರು.

ಆದರೂ ಮನಸ್ಸು ಒಪ್ಪಲಿಲ್ಲ. ಏನು ತಪ್ಪಿದೆ ಎಂದು ಹೊಳೆಯಲೂ ಇಲ್ಲ. ಅಲ್ಲೇ ಗುಡ್ಡದ ಮೇಲೆ ನಿಂತು ಸರ್‌ಗೆ ಫೋನ್ ಮಾಡಿದೆ. ಅವರು ಊರಿನಲ್ಲಿ ತಮ್ಮ ಹೊಲದಲ್ಲಿ ಕೃಷಿಹೊಂಡ ತೋಡಿಸುತ್ತಿದ್ದರು. ಹಿಂದೆ ಯಂತ್ರದ ಸದ್ದು ಕೇಳುತ್ತಿತ್ತು. ಇಳಿಜಾರು, ಮಣ್ಣು, ಕಾಲುವೆಯ ಅಗಲ ಎಲ್ಲ ಹೇಳಿದೆ.

"ಲೆಕ್ಕ ಬರೋಬರಿ ಅದ," ಎಂದರು. "ಕೆಳಗ ಯಾರ ಮನಿ ಅದ?"

ನಾನು ಸುಕೇಶನ ಮಾವನ ಅಂಗಳದಲ್ಲಿ ನಿಂತು ಮೇಲೆ ನೋಡಿದ್ದೆ. ಕೆಳಗೆ ನೋಡಿರಲಿಲ್ಲ.

"ನೋಡಿಲ್ಲ ಸರ್."

ಆ ಕಡೆ ಯಂತ್ರ ನಿಂತಿತು. "ಹೋಗಿ ಮಾತಾಡಿಸಿ ಬಾ ತಂಗಿ. ನಾ ಫೋನ್ ಇಡೂದಿಲ್ಲ."

ಫೋನನ್ನು ಕೈಯಲ್ಲೇ ಹಿಡಿದುಕೊಂಡು ನಾನು ಗುರುತು ಹಾಕಿದ ಗೆರೆಯ ಗುಂಟ ಇಳಿದೆ. ರಬ್ಬರ್ ಮರಗಳು ಮುಗಿದಲ್ಲಿ ಒಂದು ಹಂಚಿನ ಮನೆ, ಬೇಲಿ ದಾಟುವ ತಡಮೆ, ಬಸಳೆಯ ಚಪ್ಪರ. ಅದರ ಹಿತ್ತಿಲಿಗೇ ನನ್ನ ಗೆರೆ ಹೋಗಿ ಸೇರುತ್ತಿತ್ತು. ಬಟ್ಟೆ ಒಣಗಿಸುತ್ತಿದ್ದ ಹೆಂಗಸು ತಿರುಗಿ ನೋಡಿ, "ಯಾರು ಬೇಕಿತ್ತು?" ಎಂದರು.

"ನೀವೇ ಬೇಕಿತ್ತು ಅಕ್ಕ. ನೀರಿನ ವಿಷಯ ಸ್ವಲ್ಪ ಮಾತಾಡ್ಲಿಕ್ಕೆ ಬಂದೆ."

ಅವರು ಕೈ ಒರೆಸಿಕೊಂಡು ಜಗಲಿಯಲ್ಲಿ ಚಾಪೆ ಹಾಸಿದರು. ನಾನು ಕೂತೆ. ನನ್ನ ಅಂಗೈಯ ಫೋನಿನಲ್ಲಿ ಸರ್ ಕೇಳಿಸಿಕೊಳ್ಳುತ್ತಾ ಇದ್ದರು.